ಜಂಬಕ್ಕ ಸೊಸೆಗೆ ಗಂಡು ನೋಡಿದ್ದು

ಹಂಪಸಾಗರದ ಜಂಬಕ್ಕ ಹಿತ್ತಲಲ್ಲಿ ನಿಂತು ಕೋಳಿ ಕರೆದರೆ ತುಂಗಭದ್ರೆಯ ಆಚೆ ದಂಡೆಯ ಕೋಳಿಗಳೂ ನೀರಿಗಿಳಿದು, ಅರ್ಧ ದಾರಿ ಬಂದು, ಆಮೇಲೆ ತಮಗೆ ಈಜು ಬಾರದೆಂಬುದು ನೆನಪಾಗಿ ತಿರುಗಿ ಹೋಗುತ್ತಿದ್ದವು. ಅಂಥ ಗಂಟಲು. ಆಕೆ ಬಡಿದ ಜೋಳದ ರೊಟ್ಟಿಯೋ, ಅದನ್ನು ಕಣ್ಣಿಗೆ ಅಡ್ಡ ಹಿಡಿದು ಪಂಚಾಂಗ ಓದಬಹುದು. ಆಕೆಯ ಮನೆಯ ಕುರಿಗಳು ಮೇಯಲು ಹೊರಟರೆ ಮುಂದಿನ ಕುರಿ ಊರ ಗಡಿ ದಾಟಿದ್ದರೂ ಹಿಂದಿನದು ಇನ್ನೂ ದೊಡ್ಡಿಯಲ್ಲಿ ಆಕಳಿಸುತ್ತಿರುತ್ತಿತ್ತು. ಇವೆಲ್ಲ ಜಂಬಕ್ಕನೇ ಹೇಳಿದ ಮಾತು. ಊರಿನವರು ಮುಕ್ಕಾಲು ಪಾಲು ಕಳೆದು ನಂಬುತ್ತಿದ್ದರು. ಒಂದು ಚೂರೂ ಕಳೆಯದೆ ನಂಬುವವಳು ಜಂಬಕ್ಕ ಒಬ್ಬಳೇ.

ಗಂಡ ಅಜ್ಜಯ್ಯನ ವಿಷಯಕ್ಕೆ ಬಂದರಂತೂ ಆಕೆಗೆ ತಡೆಯೇ ಇರಲಿಲ್ಲ. "ನಮ್ಮನಿ ಯಜಮಾನ ಮೌನಯೋಗಿ! ಸಂತಿಗೆ ಹೋಗಲ್ಲ, ಮದುವಿಗೆ ಹೋಗಲ್ಲ, ಮಂದಿ ಮುಖಾನ ನೋಡಲ್ಲ. ರೊಟ್ಟಿ ಮಜ್ಜಿಗಿ ಬಿಟ್ಟು ಇನ್ನೊಂದು ಮುಟ್ಟಲ್ಲ. ಕಂಬಳಿ ಅಂದ್ರ ದೇವ್ರು ಅಂತ, ಬೆವರು ಮೈಗೆ ತಾಗಬಾರದು ಅಂತ, ಒಳಗ ಧೋತರ ಹೊದ್ದು ಮ್ಯಾಲ ಕಂಬಳಿ ಹಾಕ್ಕೊಳ್ಳೋ ಮನುಷ್ಯ. ಇಂಥವ್ರು ನಿಮ್ಮನ್ಯಾಗ ಯಾರ ಅದಾರ?"

ಯಾರೂ ಇರಲಿಲ್ಲ. ಒಪ್ಪಿಕೊಳ್ಳಬೇಕಾದ ಮಾತೇ.

ಹಿರಿಯ ಮಗ ಕಾಂತೇಶನ ಬಗ್ಗೆ ಮಾತ್ರ ಜಂಬಕ್ಕ ಈಚೆಗೆ ಏನೂ ಕೊಚ್ಚಿಕೊಳ್ಳುತ್ತಿರಲಿಲ್ಲ. ಹೋದ ವರ್ಷದ ಹಿಂದಿನ ಚಳಿಗಾಲದಲ್ಲಿ ಅವನು ಹಡಗಲಿ ರಸ್ತೆಯಲ್ಲಿ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿಗೆ ಬೈಕು ಗುದ್ದಿ ಸತ್ತಿದ್ದ. ಹೆಲ್ಮೆಟ್ಟು ಹ್ಯಾಂಡಲ್ಲಿಗೇ ನೇತಾಡುತ್ತಿತ್ತು. ಅಂದಿನಿಂದ ಆಕೆ "ನನ್ನ ಕಾಂತೇಶ" ಎಂದು ಬಾಯಿ ತೆರೆದರೆ ಸಾಕು, ಎದುರಿಗಿದ್ದವರು ಕೈ ಹಿಡಿದು, "ಬಿಡು ಯಕ್ಕ, ನೆನಸಿ ನೆನಸಿ ಎದಿ ಒಡಕೋಬ್ಯಾಡ" ಎಂದು ಮಾತು ಮುಚ್ಚಿಬಿಡುತ್ತಿದ್ದರು. ಜಂಬಕ್ಕನ ಬಾಯಿ ಮುಚ್ಚಿಸಲು ಸಾಧ್ಯವೆಂದು ಊರು ಕಂಡುಕೊಂಡಿದ್ದೇ ಆಗ.

ಹೀಗಿರುವಾಗ ಒಂದು ದಿನ ಹಿಟ್ಟಿನ ಗಿರಣಿಯಲ್ಲಿ ಪಕ್ಕದ ಮನೆಯ ಭರಮಮ್ಮ ನಿಟ್ಟುಸಿರು ಬಿಟ್ಟಳು. "ಪಾಪ, ನಿನ್ನ ಸೊಸಿ ಕೀರ್ತನಾ. ಹರೇದಾಗ ಹಿಂಗಾತು."

"ಪಾಪ ಯಾಕ?" ಎಂದಳು ಜಂಬಕ್ಕ. ಗಿರಣಿಯ ಸದ್ದು ತಗ್ಗಿತು. ಅಥವಾ ಆಕೆಯ ದನಿಯ ಮುಂದೆ ಹಾಗೆ ಕೇಳಿಸಿತು. "ನಮ್ಮ ಸೊಸಿಗೆ ನಾನ ಮುಂದ ನಿಂತು ಉಡಿಕಿ ಮಾಡ್ತೀನಿ. ನಿಮ್ಮಂಗ ಕತ್ತಲಾಗ ಗುಡಿ ಹಿಂದ ಅಲ್ಲ. ಹಾಡಹಗಲ! ಅಂಗಳದಾಗ! ಚಪ್ಪರ ಹಾಕಿ!"

ಗಂಡ ಸತ್ತವಳಿಗೆ ಸೀರೆ ಬಳೆ ಕೊಟ್ಟು ಇನ್ನೊಬ್ಬನ ಜೊತೆ ಕೂಡಿಸುವ ಉಡಿಕೆ ಎಂಬ ಪದ್ಧತಿ ಅವರ ಹಾಲುಮತದ ಕುರುಬರಲ್ಲಿ ಮುತ್ತಜ್ಜರ ಕಾಲದಿಂದ ಇತ್ತು. ಆದರೆ ಅದನ್ನು ಕದ್ದ ಕುರಿಯನ್ನು ದಾಟಿಸುವ ಹಾಗೆ, ಹೊತ್ತು ಮುಳುಗಿದ ಮೇಲೆ, ಮುತ್ತೈದೆಯರ ಕಣ್ಣಿಗೆ ಬೀಳದಂತೆ ಮುಗಿಸುತ್ತಿದ್ದರು. ಹೆಣ್ಣು ಹೊಸ ಮನೆಗೆ ಹೋದರೆ ಮಕ್ಕಳು ಸತ್ತವನ ಮನೆಯಲ್ಲೇ ಉಳಿಯಬೇಕು. ಅದೂ ಪದ್ಧತಿಯೇ. ಜಂಬಕ್ಕ ಆ ಮಾತಿನ ಹತ್ತಿರಕ್ಕೂ ಹೋಗಲಿಲ್ಲ. ಹಿಟ್ಟು ಹೊತ್ತು ಮನೆಗೆ ಬರುವಷ್ಟರಲ್ಲಿ ಆಕೆ ಕೂಡ್ಲಿಗಿ ಕಡೆಯ, ಹೆಂಡತಿ ಸತ್ತ ಒಬ್ಬನನ್ನು ಮನಸ್ಸಿನಲ್ಲೇ ಗೊತ್ತುಮಾಡಿದ್ದಳು. ಸ್ವಂತ ಟ್ರ್ಯಾಕ್ಟರು, ತೋಟ, ಮೇಲೊಂದು ಮೀಸೆ. ಆ ಮೀಸೆಯ ಮೇಲೆ ನಿಂಬೆಹಣ್ಣು ನಿಲ್ಲಿಸುವುದು ಯಾವ ದೊಡ್ಡ ಮಾತು, ಕುಂಬಳಕಾಯಿಯನ್ನೇ ನಿಲ್ಲಿಸಬಹುದಿತ್ತು.

ಮಧ್ಯಾಹ್ನವೇ ಅವನ ಕಡೆಯವರಿಗೆ ಹೆಣ್ಣು ನೋಡಲು ಬರಹೇಳಿ ಕಳಿಸಿದಳು. ಸಂಜೆ ಊಟಕ್ಕೆ ಎಲ್ಲರೂ ಕೂತಿದ್ದರು. ಕಿರಿಯ ಮಗ ಭೀಮರಾಜ ಗೂಡ್ಸ್ ಆಟೋ ಓಡಿಸಿ ಬಂದು ಕೈ ತೊಳೆಯದೆ ಕೂತಿದ್ದ. ಅವನ ಹೆಂಡತಿ ರಮಾ ಪುಂಡಿಪಲ್ಯ ಬಡಿಸುತ್ತಿದ್ದಳು. ಅಜ್ಜಯ್ಯ ಗೋಡೆಗೆ ಮುಖ ಮಾಡಿ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಅದ್ದುತ್ತಿದ್ದ. ಕೀರ್ತನಾಳ ಮಗಳು, ಒಂದನೇ ತರಗತಿಯ ಚಂದನಾ, ಅಜ್ಜಿಯ ಸೆರಗು ಹಿಡಿದು ಅರೆನಿದ್ದೆಯಲ್ಲಿದ್ದಳು.

"ಅತ್ತಿ," ಎಂದಳು ಕೀರ್ತನಾ, "ಕೂಡ್ಲಿಗಿಯವರಿಗೆ ಬರಬ್ಯಾಡ್ರಿ ಅಂತ ಹೇಳಿ ಕಳಸ್ರಿ."

"ಯಾಕ? ಮೀಸಿ ಸಾಲಲಿಲ್ಲೇನು?"

"ಮೀಸಿ ಹೆಚ್ಚಾತು. ನಾನು ಒಬ್ಬರನ್ನ ನೋಡೀನಿ. ನಾನು ಹೊಲಿಗಿ ಕೆಲಸಕ್ಕ ಹೋಗ್ತೀನಲ್ಲ ಹಗರಿಬೊಮ್ಮನಹಳ್ಳಿಗೆ, ಆ ಅಂಗಡಿಯವರು. ಶಿವಯೋಗಿ."

ಭೀಮರಾಜನ ಕೈಯ ತುತ್ತು ತಟ್ಟೆಗೆ ಬಿತ್ತು. "ಆ ಅರೆಮರುಳನ್ನ? ಅತ್ತಿಗಿ, ಹಾಲುಮತದಾಗ ಹುಟ್ಟಿ ಕಂಬಳಿ ಮೈಗೆ ತಾಗಿದ್ರ ಬೆಂಕಿ ಬಿದ್ದಂಗ ಕುಣಿಯೋ ಗಂಡಸು ಅವ. ಅದಕ್ಕ ಅವರಪ್ಪ ಕುರಿ ಬಿಡಿಸಿ ಮಿಷಿನ್ ಮುಂದ ಕುಂದ್ರಿಸ್ಯಾನ!"

"ಅರೆಮರುಳ ಅಲ್ಲ. ಆಟಿಸಂ ಅಂತಾರ ಅದಕ್ಕ. ದಾವಣಗೆರಿ ಡಾಕ್ಟ್ರು ಹೇಳ್ಯಾರ. ಅವರ ಮಿದುಳು ಹಂಗ ಐತಿ, ಅಷ್ಟ."

"ಬಿಸಿನೀರು ಕುಡಿದ್ರ ಹೋಗ್ತೈತೇನಕ್ಕ ಅದು?" ಎಂದು ರಮಾ ನಿಜವಾದ ಕಾಳಜಿಯಿಂದ ಕೇಳಿದಳು.

"ಹೋಗಲ್ಲ. ಹೋಗೋದೂ ಬ್ಯಾಡ."

"ನೀ ಹೋಗೋದಾದ್ರ ಹೋಗು," ಎಂದ ಭೀಮರಾಜ. "ಚಂದನಾ ಮಾತ್ರ ನಮ್ಮಣ್ಣನ ಕೂಸು. ಈ ಮನಿ ಬಿಟ್ಟು ಹೋಗಂಗಿಲ್ಲ. ಕುಲದಾಗ ಹಂಗ ಐತಿ."

ಕೀರ್ತನಾ ರೊಟ್ಟಿಯನ್ನು ತಟ್ಟೆಯಲ್ಲಿಟ್ಟಳು. "ಅವಳ್ನ ಬಿಟ್ಟು ನಾನು ಹೊಸ್ತಿಲಾ ದಾಟಲ್ಲ. ಅವ್ರನ್ನ ಬಿಟ್ಟು ಬ್ಯಾರೆ ಯಾರ ಮುಂದನೂ ಕುಂದ್ರಲ್ಲ."

ಎಲ್ಲರೂ ಜಂಬಕ್ಕನನ್ನು ನೋಡಿದರು. ಜಂಬಕ್ಕ ಸೆರಗು ಹಿಡಿದ ಪುಟ್ಟ ಮುಷ್ಟಿಯನ್ನು ನೋಡುತ್ತಿದ್ದಳು. ಆ ಹುಡುಗಿಗೆ ಕಾಂತೇಶನ ಮೂಗು, ಕಾಂತೇಶನ ಹಟ. ಮನೆಯಲ್ಲಿ ಉಳಿದ ಕಾಂತೇಶ ಅಷ್ಟೇ. ಅವಳನ್ನೂ ಕಳಿಸಿ ಏನು ಮಾಡುವುದು? ಇತ್ತ, ಹಾಡಹಗಲ ಚಪ್ಪರ ಹಾಕುತ್ತೇನೆಂದು ಊರ ಮುಂದೆ ಸಾರಿಯಾಗಿದೆ. ಚಪ್ಪರದ ಕೆಳಗೆ ಕಂಬಳಿಗೆ ಹೆದರುವ ಅಳಿಯನನ್ನು ಕೂರಿಸಿದರೆ ಐದು ತಾಲೂಕೂ ಬಿದ್ದು ಬಿದ್ದು ನಕ್ಕು, ನಗುವ ರಭಸಕ್ಕೆ ಬಸ್ಸುಗಳು ನಿಂತುಹೋಗುತ್ತವೆ.

"ನಾ ಹೋಗಿ ನೋಡ್ತೀನಿ ಅವನ್ನ," ಎಂದಳು. ನೋಡುವುದೆಂದರೆ ಓಡಿಸುವುದು ಎಂದು ಮನೆಯವರೆಲ್ಲ ತಿಳಿದರು. ಆಕೆಯೂ ಹಾಗೇ ತಿಳಿದಿದ್ದಳು.

ಮರುದಿನ ಕೀರ್ತನಾಳಿಗೆ ಜೋಳ ಹಸನು ಮಾಡುವ ಕೆಲಸ ಹಚ್ಚಿ, ಒಂದು ಕುಪ್ಪಸವನ್ನು ನೆಪಕ್ಕೆ ಚೀಲದಲ್ಲಿ ಹಾಕಿಕೊಂಡು ಜಂಬಕ್ಕ ಬಸ್ಸು ಹತ್ತಿದಳು. ಅಂಗಡಿ ಬಜಾರದ ಹಿಂದಿನ ಓಣಿಯಲ್ಲಿತ್ತು. ಬಾಗಿಲ ಬೆಳಕಿಗೆ ಮಿಷಿನ್ ಹಾಕಿಕೊಂಡು ಮೂವತ್ತು ದಾಟಿದ ಗಂಡಸೊಬ್ಬ ಶಾಲೆಯ ಅಂಗಿಗೆ ತೋಳು ಕೂಡಿಸುತ್ತಿದ್ದ. ಫ್ಯಾನು ಆರಿಸಿದ್ದ. ತೊಟ್ಟ ಅಂಗಿಯ ಹೊಲಿಗೆಯೆಲ್ಲ ಹೊರಗೆ ಕಾಣುತ್ತಿತ್ತು. ತನ್ನ ಅಂಗಿಯನ್ನೇ ತಿರುವಿ ಹಾಕಿಕೊಂಡ ಟೇಲರನನ್ನು ಜಂಬಕ್ಕ ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಈ ಕುಪ್ಪಸ ಕೆಟ್ಟೈತಿ. ಉಸುರು ಕಟ್ತೈತಿ," ಎಂದು ಎಸೆದಳು.

ಅವನು ಅದರ ಒಳಮೈ ಹೊರಗೆ ಮಾಡಿ ಹೊಲಿಗೆಯ ಮೇಲೆ ಬೆರಳಾಡಿಸಿದ. ಮುಖ ಎತ್ತಲಿಲ್ಲ. "ಕುಪ್ಪಸ ಕೆಟ್ಟಿಲ್ಲ. ನೀವು ದಪ್ಪ ಆಗೀರಿ."

ಜಂಬಕ್ಕ ಬಾಯಿ ತೆರೆದಳು. ತೆರೆದ ಬಾಯಿಯೊಳಗೆ ಒಂದು ನೊಣ ಹೋಗಿ, ನಾಲ್ಕೂ ಮೂಲೆ ನೋಡಿಕೊಂಡು, ತನಗೆ ಬೇಕಾದ್ದು ಇಲ್ಲವೆಂದು ಹೊರಗೆ ಬಂತು. ಅಷ್ಟು ಹೊತ್ತು.

"ನಾನು ಯಾರು ಗೊತ್ತೇನು ನಿನಗ?"

"ಗೊತ್ತು. ಕೀರ್ತನಾ ಅವರ ಅತ್ತಿ. ದನಿ ದೊಡ್ಡದು ಅಂತ ಹೇಳಿದ್ರು. ಹೌದು, ದೊಡ್ಡದೈತಿ. ಸ್ವಲ್ಪ ಸಣ್ಣ ಮಾಡ್ರಿ, ನನಗ ಕಿವಿ ನೋಯ್ತಾವ."

"ಮೂಗೂ ಕುಯ್ತೀನಿ, ತಡಿ! ನನ್ನ ಸೊಸಿ ಮ್ಯಾಲ ಯಾಕೋ ಕಣ್ಣು ಹಾಕಿದಿ?"

"ಮೊದಲು ಅವರ ಹೊಲಿಗಿ ನೋಡಿದೆ. ಸೊಟ್ಟ ಇತ್ತು. ಹೇಳಿದೆ. ಅವರು ಅಳಲಿಲ್ಲ, ನಕ್ಕರು. 'ಗಂಡ ಸತ್ತ ಮ್ಯಾಲ ಯಾರೂ ತಪ್ಪು ಹೇಳೇ ಇಲ್ಲ ನನಗ, ಎಲ್ಲರೂ ಪಾಪ ಅಂತಾರ' ಅಂದ್ರು. ಆಮ್ಯಾಲ ದಿನಾ ಮಾತಾಡಿದ್ವಿ." ಅವನು ಕುಪ್ಪಸದ ಬದಿಯ ಹೊಲಿಗೆ ಬಿಚ್ಚತೊಡಗಿದ್ದ. "ಒಂದು ಕೇಳಬೇಕು ನಿಮ್ಮನ್ನ. ಕಾಂತೇಶ್ ಸಣ್ಣಾಂವ ಇದ್ದಾಗ ಹೆಂಗಿದ್ರು? ಮದುವಿ ಆದ ಮ್ಯಾಲಿಂದು ಕೀರ್ತನಾ ಅವರು ಹೇಳ್ತಾರ. ಅದಕ್ಕೂ ಹಿಂದಿಂದು ಅವರಿಗೆ ಗೊತ್ತಿಲ್ಲ. ನಿಮಗ ಗೊತ್ತಿರತೈತಿ."

ಜಂಬಕ್ಕನ ಕಿವಿಗೆ ನಂಬಿಕೆ ಬರಲಿಲ್ಲ. "ಅದು ನಿನಗ್ಯಾಕ?"

"ಚಂದನಾ ಕೇಳ್ತಾಳ. ದೊಡ್ಡಾಕಿ ಆದ ಮ್ಯಾಲ ಇನ್ನೂ ಕೇಳ್ತಾಳ. ನನಗ ಗೊತ್ತಿರಬೇಕು."

ಬಿಡು ಯಕ್ಕ ಎನ್ನಲಿಲ್ಲ. ಕೈ ಹಿಡಿಯಲಿಲ್ಲ. ಕತ್ತರಿ ಹಿಡಿದುಕೊಂಡು ಉತ್ತರಕ್ಕೆ ಕಾದ. ಜಂಬಕ್ಕ ಸ್ಟೂಲು ಎಳೆದುಕೊಂಡು ಕೂತಳು. ಇಷ್ಟು ದಿನ ಒಡ್ಡು ಹಾಕಿ ನಿಲ್ಲಿಸಿದ್ದೆಲ್ಲ ಒಮ್ಮೆಗೇ ನುಗ್ಗಿ ಬಂತು.

"ನನ್ನ ಮಗ ಏನಂತ ತಿಳಿದಿ? ಹಿನ್ನೀರು ಏರಿದ ವರ್ಷ, ಇನ್ನೂ ಚಡ್ಡಿ ಹಾಕೋ ಹುಡುಗ, ಎರಡು ಟಗರು ಎರಡು ಹೆಗಲ ಮ್ಯಾಲ ಹೊತ್ತು ಹೊಳಿ ಈಜಿ ಬಂದಾನ!"

ಶಿವಯೋಗಿ ಯೋಚಿಸಿದ. "ಆಗಲ್ಲ. ಟಗರು ಹಿಡಕೊಂಡ್ರ ಈಜಾಕ ಕೈ ಇರಲ್ಲ."

"ನೀ ನೋಡೀಯೇನು? ನಾ ನೋಡೀನಿ! ಟಗರಲ್ಲ ಅಂದ್ರ ದೊಡ್ಡ ಮರಿ."

"ಎಷ್ಟು ದೊಡ್ಡದು?"

"...ಹುಟ್ಟಿ ವಾರ ಆಗಿತ್ತು. ಒಂದ ಇತ್ತು. ಹಿಟ್ಟು ನಾದೋ ಪ್ಲಾಸ್ಟಿಕ್ ಬುಟ್ಟ್ಯಾಗ ಕುಂದ್ರಿಸಿ ತಳ್ಕೊಂಡು ಬಂದ."

"ನೀರು ಎಷ್ಟಿತ್ತು?"

"ತಲಿ ಮ್ಯಾಲ! ತೆಂಗಿನ ಮರ ಮುಣುಗಿ..." ಜಂಬಕ್ಕ ನಿಂತಳು. ಅವನು ನಗುತ್ತಿರಲಿಲ್ಲ, ಅನುಮಾನಿಸುತ್ತಲೂ ಇರಲಿಲ್ಲ. ಅವನಿಗೆ ನೀರು ಎಷ್ಟಿತ್ತೆಂದು ತಿಳಿಯಬೇಕಿತ್ತು. "ಎದಿಮಟ. ಅವನ ಎದಿಮಟ. ಅಳ್ತಾ ಬಂದ. ಹೆದರಿಕಿಗೆ ಗೊಳೋ ಅಂತ ಅಳ್ತಿದ್ದ. ಮರಿ ಮಾತ್ರ ಬಿಡಲಿಲ್ಲ. ನಾನು ದಂಡಿ ಮ್ಯಾಲ ನಿಂತು, ಬುಟ್ಟಿ ಬಿಟ್ಟು ಬಾರೋ ಅಂತ ಒದರಿದೆ. ಬಿಡಲಿಲ್ಲ ನನ್ನ ಮಗ."

"ಇದು ಚಲೋ ಐತಿ," ಎಂದ ಶಿವಯೋಗಿ. "ಇದನ್ನ ಹೇಳ್ತೀನಿ ಚಂದನಾಗ."

ಆಗ ಜಂಬಕ್ಕ ಅತ್ತಳು. ಹೆಣದ ಮುಂದೆ ಊರಿಗೆ ಕೇಳುವಂತೆ ಅತ್ತಿದ್ದಳಲ್ಲ, ಹಾಗಲ್ಲ. ಸದ್ದಿಲ್ಲದೆ ಅತ್ತಳು. ಅವನು ಸಮಾಧಾನ ಮಾಡಲಿಲ್ಲ. ಕತ್ತರಿಸಿ ಉಳಿದ ಹತ್ತಿ ಬಟ್ಟೆಯ ತುಂಡೊಂದನ್ನು ಮುಂದಕ್ಕೆ ಸರಿಸಿದ. "ಇದು ಮೆತ್ತಗೈತಿ. ಸಿಂಬಳಕ್ಕ."

ಮಧ್ಯಾಹ್ನದ ಬಸ್ಸು ಹೋಯಿತು. ಅದರ ಮುಂದಿನದೂ ಹೋಯಿತು. ಅಂಗಡಿಯಿಂದ ಎದ್ದಾಗ ಜಂಬಕ್ಕನ ಹತ್ತಿರ ಸಡಿಲಾದ ಒಂದು ಕುಪ್ಪಸವಿತ್ತು. ಹೇಳಿ ಮುಗಿಯದ ಮಗ ಇನ್ನೂ ಅರ್ಧ ಉಳಿದಿದ್ದ.

ಮನೆಗೆ ಬಂದವಳು ಓಡಿಸಿದೆ ಎನ್ನಲಿಲ್ಲ, ಒಪ್ಪಿದೆ ಎಂದೂ ಅನ್ನಲಿಲ್ಲ. ಮಾತೇ ಆಡಲಿಲ್ಲ. ಜಂಬಕ್ಕ ಸುಮ್ಮನಾದಳೆಂಬ ಸುದ್ದಿ ಕೇಳಿ ಊರು ಗಾಬರಿಯಾಯಿತು. ಎಮ್ಮೆಗಳು ಹಾಲು ಕಡಿಮೆ ಮಾಡಿದವು. ಭರಮಮ್ಮ ಇಂಗು ಬೆಲ್ಲ ಕೊಟ್ಟು ನೋಡಿ ಹೋದಳು.

ಮನೆಯೊಳಗೆ ಮಾತ್ರ ಬೇರೆಯವರ ಬಾಯಿಗೆ ಬಿಡುವಿರಲಿಲ್ಲ. ಕೀರ್ತನಾ ನಸುಕಿನಲ್ಲೆದ್ದು ರೊಟ್ಟಿ ಬಡಿದಿಟ್ಟು ಬಸ್ಸಿಗೆ ಓಡುತ್ತಿದ್ದಳು.

"ಸಗಣಿ ಬಾಚೋದು ನಾನು, ನೀರು ಹೊರೋದು ನಾನು," ಎಂದು ರಮಾ ಕೊಡ ಕುಕ್ಕುತ್ತಿದ್ದಳು. "ಅಕ್ಕಾರದು ಪ್ರೇಮ, ನಮ್ಮದು ಹಮಾಲಿ."

"ಸಂಜಿಗೆ ನಾನು ಮಾಡಲ್ಲೇನ ರಮಾ? ನಿನ್ನ ಗಂಡನ ಅಂಗಿ ಒಗಿಯೋಳು ಯಾರು?"

"ಒಗೀರಿ ಮತ್ತ! ಅದರಾಗ ಅರ್ಧ ಪೆಟ್ರೋಲಿನ ವಾಸನಿ, ನನಗ ವಾಕರಿಕಿ ಬರ್ತೈತಿ."

ಇಬ್ಬರೂ ನಕ್ಕುಬಿಡುತ್ತಿದ್ದರು. ಭೀಮರಾಜ ಅದನ್ನು ಕಂಡು ಇನ್ನಷ್ಟು ಉರಿಯುತ್ತಿದ್ದ.

ಒಂದು ಸಂಜೆ ಹಿತ್ತಲಲ್ಲಿ ಶೇಂಗಾ ಬಿಡಿಸುತ್ತ ಕೂತಾಗ ಜಂಬಕ್ಕನೇ ಕೇಳಿದಳು. "ಅವನಾಗ ಏನು ನೋಡಿದ್ಯವ್ವ ಅಂಥಾದ್ದು?"

ಕೀರ್ತನಾ ಸಿಪ್ಪೆಯನ್ನು ಒಂದು ಕಡೆ ಸರಿಸಿದಳು. "ಅವರ ಮುಂದ ನಾನು ನಗಬೇಕು ಅಂತಿಲ್ಲ, ಅಳಬೇಕು ಅಂತಿಲ್ಲ ಅತ್ತಿ. ಚಂದನಾನ ಅಪ್ಪನ ಹೆಸರು ಎತ್ತಿದ್ರ ಯಾರೂ ಮುಖ ತಿರುವಲ್ಲ ಅಲ್ಲಿ. ಒಂದಿನ ಸಿಟ್ಟಿಗೆ, ಹೆಲ್ಮೆಟ್ಟು ತಲಿಗೆ ಹಾಕೋದು ಬಿಟ್ಟು ಹ್ಯಾಂಡಲ್ಲಿಗೆ ಹಾಕಿದ್ದ ಮೂರ್ಖ, ಅಂತ ಬೈದೆ. ನಿಮ್ಮ ಮಗನ್ನ. ಅವರು, ಹೌದು, ಅದು ತಪ್ಪು, ಅಂದ್ರು. ಆವತ್ತು ನನಗ ನಿದ್ದಿ ಬಂತು."

ಜಂಬಕ್ಕ ಶೇಂಗಾ ಕಾಳೊಂದನ್ನು ಬಾಯಿಗೆ ಹಾಕಿಕೊಂಡಳು. "ನಾನೂ ಬೈದೀನಿ ಅವನಿಗೆ," ಎಂದಳು. "ಮನಸಿನ್ಯಾಗ."

ಇತ್ತ ಭೀಮರಾಜ ಬೇರೆಯದೇ ಆಟ ಹೂಡಿದ್ದ. ಕುಲದ ಯಜಮಾನ ಹುಲುಗಪ್ಪಜ್ಜನ ಎದುರಿಗೆ ಶಿವಯೋಗಿಯನ್ನು ಊಟಕ್ಕೆ ಕರೆಸುವುದು. ಉಳಿದದ್ದನ್ನು ಶಿವಯೋಗಿ ತಾನೇ ಮಾಡಿಕೊಳ್ಳುತ್ತಾನೆ. ಆ ಲೆಕ್ಕ ತಪ್ಪಲಿಲ್ಲ. ಭಾನುವಾರ ಬಂದ ಶಿವಯೋಗಿ ಪಡಸಾಲೆಯಲ್ಲಿ ಹಾಸಿದ್ದ ಕಂಬಳಿ ನೋಡಿ ಹೊಸ್ತಿಲಲ್ಲೇ ನಿಂತ.

"ಕುಂದ್ರಪ್ಪ," ಎಂದ ಹುಲುಗಪ್ಪಜ್ಜ.

"ಕಂಬಳಿ ಮ್ಯಾಲ ಆಗಲ್ಲ ನನಗ. ಚುಚ್ಚತೈತಿ. ನೆಲದ ಮ್ಯಾಲ ಕುಂದ್ರತೀನಿ." ಕೂತ.

ಯಜಮಾನನ ಹುಬ್ಬು ರುಮಾಲಿನೊಳಕ್ಕೆ ಹೋಗಿ ಮರೆಯಾಯಿತು. ಕೀರ್ತನಾ ಯಾರನ್ನೂ ಕೇಳದೆ ಅವನ ತಟ್ಟೆಯಲ್ಲಿ ಅನ್ನ ಒಂದು ಕಡೆ, ಬೇಳೆ ಬಟ್ಟಲಲ್ಲಿ, ಚಟ್ನಿ ದೂರ, ಒಂದಕ್ಕೊಂದು ತಾಗದಂತೆ ಬಡಿಸಿದಳು. ಅವನು ಆಕೆಯನ್ನು ನೋಡಿ, ತುಂಬಿದ ಪಡಸಾಲೆಯಲ್ಲಿ, ಸಹಜ ದನಿಯಲ್ಲಿ ಹೇಳಿದ: "ಇವತ್ತು ಕೂದಲಾ ಬ್ಯಾರೆ ರೀತಿ ಕಟ್ಟೀರಿ. ಚಂದ ಕಾಣ್ತೀರಿ."

ಕೀರ್ತನಾಳ ಮುಖ ಕೆಂಡವಾಯಿತು. ರಮಾ ಸೆರಗಿನಲ್ಲಿ ಬಾಯಿ ತುರುಕಿಕೊಂಡು ಅಡುಗೆಮನೆಗೆ ಓಡಿದಳು.

"ನೋಡಿದ್ರ್ಯಾ?" ಭೀಮರಾಜ ಎದ್ದು ನಿಂತ. "ನೋಡ್ರಿ ಯಜಮಾನ್ರ! ದೊಡ್ಡವರ ಮುಂದ ಏನು ಮಾತು ಇದು? ಮುಖ ನೋಡಿ ಮಾತಾಡಲ್ಲ. ದಿನಾ ತಿಂದದ್ದ ತಿಂತಾನ. ಮದುವಿ ಮುಂಜಿ ಅಂದ್ರ ದೂರ ಓಡ್ತಾನ. ಸದ್ದಾದ್ರ ಕಿವಿ ಮುಚ್ಚತಾನ. ಕಂಬಳಿ ಮೈಗೆ ಆಗಲ್ಲ. ಇಂಥವನ್ನ ಕಟ್ಟಿಕೊಂಡು ಯಾವ ಹೆಣ್ಣು ಸಂಸಾರ ಮಾಡ್ಯಾಳ ಹೇಳ್ರಿ, ಯಾವ ಹೆಣ್ಣು?"

"ನಾನು!"

ಅದೆಂಥ ದನಿ! ಜಂತಿಯ ಮೇಲಿನ ಧೂಳು ಉದುರಿತು. ಹೊಳೆಯ ನೀರು ಒಂದು ಗೇಣು ಹಿಂದೆ ಸರಿಯಿತು. ವಾರಗಟ್ಟಲೆ ಕೂಡಿಟ್ಟ ದನಿಯಲ್ಲವೇ.

"ನಾನು ಮಾಡೀನಲೇ ಭೀಮ್ಯಾ! ಐವತ್ತು ವರ್ಷ ಮಾಡೀನಿ! ಮುಖ ನೋಡಿ ಮಾತಾಡಲ್ಲ, ಯಾರು? ರೊಟ್ಟಿ ಮಜ್ಜಿಗಿ ಬಿಟ್ಟು ಮುಟ್ಟಲ್ಲ, ಯಾರು? ನಿನ್ನ ಮದುವ್ಯಾಗ ಬಾಜಾ ಶುರುವಾದಾಗ ಕುರಿ ದೊಡ್ಡ್ಯಾಗ ಹೋಗಿ ಕುಂತಾವ ಯಾರು? ನೀನು ಬೈಯಾಕತ್ತಿದ್ದು ನಿಮ್ಮಪ್ಪನ್ನ!"

ಹೇಳಿ ಮುಗಿಸಿದ ಮೇಲೆ ಆಕೆಗೇ ಅದು ಕೇಳಿಸಿತು. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದ ಅಜ್ಜಯ್ಯನ ಕಡೆಗೆ ಎಲ್ಲರೂ ತಿರುಗಿದರು. ಅವನ ಕುತ್ತಿಗೆಯ ಸುತ್ತ, ಕಂಬಳಿಯ ಕೆಳಗೆ, ತೊಳೆದು ತೊಳೆದು ಮೆತ್ತಗಾದ ಧೋತರವಿತ್ತು.

"ಅಂದ್ರ," ಎಂದಳು ಜಂಬಕ್ಕ, ಈಗ ಸಣ್ಣ ದನಿಯಲ್ಲಿ, "ಆ ಧೋತರ ಭಕ್ತಿಗಲ್ಲೇನು?"

ಅಜ್ಜಯ್ಯ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟ. "ಚುಚ್ಚತೈತಿ," ಎಂದ.

ಹುಲುಗಪ್ಪಜ್ಜ ಕೆಮ್ಮಿದ. ಹಾಲುಮತದಲ್ಲೇ ದೇವರಂಥ ಮನುಷ್ಯ ಎಂದು ತಾನೇ ಊರೂರಿಗೆ ಹೊಗಳಿದ ಅಜ್ಜಯ್ಯ. ಈಗ ಅದನ್ನು ಹಿಂದಕ್ಕೆ ಪಡೆಯುವುದು ಹೇಗೆ? "ಉಡಿಕಿ ಮಾಡ್ರಿ," ಎಂದ ಕೊನೆಗೆ. "ಆದ್ರ ಕೂಸಿನ ಮಾತು ಬ್ಯಾರೆ. ಅದನ್ನ ಚಪ್ಪರದಾಗ ಎಲ್ಲರ ಮುಂದ ಕೇಳಬೇಕು. ಜಂಬಕ್ಕ ಏನಂತಾಳೋ ಅದ ಆಗತೈತಿ."

ಮಾರನೆಯ ಬೆಳಗ್ಗೆ ಜಂಬಕ್ಕ ಚಹಾ ಹಿಡಿದು ದೊಡ್ಡಿಗೆ ಹೋದಳು. ಅಜ್ಜಯ್ಯ ಮರಿಯೊಂದನ್ನು ತಾಯಿಯ ಕೆಚ್ಚಲಿಗೆ ಹಚ್ಚುತ್ತಿದ್ದ. ಆಕೆಗೆ ಬಹಳ ದಿನದಿಂದ ಗಂಡನ ಮೇಲೊಂದು ಸಿಟ್ಟಿತ್ತು. ಅದನ್ನು ಎಂದೂ ಆಡಿರಲಿಲ್ಲ.

"ಮಗನ್ನ ಮಣ್ಣು ಮಾಡಿ ಬಂದ ಮ್ಯಾಲ ನೀನು ಅಳಲಿಲ್ಲ. ಸೀದಾ ಕುರಿ ಹೊಡಕೊಂಡು ಹೋದಿ. ಮಂದಿ ಏನೇನೋ ಅಂದ್ರು. ನಾನು, ಯೋಗಿ ಅವ, ಅಳಲ್ಲ, ಅಂದೆ."

ಅಜ್ಜಯ್ಯ ಮರಿಯ ಬೆನ್ನು ಸವರುತ್ತಿದ್ದ. "ಕಾಂತ್ಯಾ ಸಾಕಿದ್ದು ಐತಲ್ಲ, ಕರಿ ಕಿವೀ ಕುರಿ. ದಿನಾ ಹೊತ್ತು ಮುಣುಗೋ ಮುಂದ ದಾರಿ ನೋಡ್ತಿತ್ತು. ಅದರ ಹತ್ರ ಹೇಳೀನಿ."

"ಏನಂತ?"

"ಅವ ಇನ್ನ ಬರಲ್ಲ ಅಂತ."

ಜಂಬಕ್ಕ ಲೋಟವನ್ನು ಕಂಬದ ಬುಡದಲ್ಲಿಟ್ಟಳು. ದೊಡ್ಡಿಯ ತಡಿಕೆ ಹಿಡಿದು ನಿಂತಳು. ಕೇಳಿದಳು: "ಚಂದನಾನ್ನ ನಾವ ಇಟ್ಕೊಳ್ಳೋಣೇನು?"

"ತಾಯಿಂದ ಬಿಡಿಸಿದ ಮರಿ ಅರಚತೈತಿ," ಎಂದ ಅಜ್ಜಯ್ಯ. "ನನಗ ಕಿವಿ ನೋಯ್ತಾವ."

ಐವತ್ತು ವರ್ಷದಲ್ಲಿ ಅವನು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದು ಅದೇ ಮೊದಲು. ಜಂಬಕ್ಕ ಅದನ್ನು ಯಾರಿಗೂ ಹೇಳಿಕೊಳ್ಳಲಿಲ್ಲ. ಅದೂ ಮೊದಲು.

ಉಡಿಕೆ ಹಾಡಹಗಲ ನಡೆಯಿತು. ಸೂರ್ಯ ತಾನೂ ನೋಡಬೇಕೆಂದು ಚಪ್ಪರದ ಮೇಲೆಯೇ ಬಂದು ನಿಂತಿದ್ದ. ಬಾಜಾ ಇರಲಿಲ್ಲ. "ಬಾರಿಸೋರು ಬ್ಯಾರೆ ಮನ್ಯಾಗ ಬಾರಿಸ್ಲಿ, ನಮ್ಮನ್ಯಾಗ ಗಂಡಸರ ಕಿವಿ ಸೂಕ್ಷ್ಮ," ಎಂದು ಜಂಬಕ್ಕ ಅದನ್ನೂ ಒಂದು ಘನತೆಯ ಹಾಗೆ ಸಾರಿದ್ದಳು. ಮುತ್ತೈದೆಯರನ್ನು ಮನೆಮನೆಗೆ ಹೋಗಿ ಕರೆದಿದ್ದಳು. ಬಾರದವರ ಅಂಗಳದಲ್ಲಿ ನಿಂತು ಬರುವವರೆಗೂ ಮಾತಾಡಿದ್ದಳು. ಹಾಗಾಗಿ ಎಲ್ಲರೂ ಬಂದಿದ್ದರು. ಕಂಬಳಿ ಹಾಸಿ, ಅದರ ಮೇಲೆ ಮಡಿಸಿದ ಹತ್ತಿ ಧೋತರ ಹಾಸಿದಳು. ಹುಲುಗಪ್ಪಜ್ಜ ಬಾಯಿ ತೆರೆದ. ಜಂಬಕ್ಕ ಅವನನ್ನು ನೋಡಿದಳು. ಅವನು ಬಾಯಿ ಮುಚ್ಚಿದ.

ಹೊಸ ಸೀರೆ ಉಟ್ಟ ಕೀರ್ತನಾ ಬಂದು ಶಿವಯೋಗಿಯ ಪಕ್ಕ ಕೂತಳು. ರಮಾ ಬಳೆ ತೊಡಿಸಿದಳು. ಹಿತ್ತಲ ಗೋಡೆಯಾಚೆ ಒಂದು ರುಮಾಲು ಕಾಣುತ್ತಿತ್ತು. ಮದುವೆಗಳಿಗೆ ಹೋಗದ ಅಜ್ಜಯ್ಯ ಅಲ್ಲಿ ನಿಂತು ಪೂರ್ತಿ ನೋಡಿದ.

ಎಲ್ಲ ಮುಗಿದ ಮೇಲೆ ಯಜಮಾನ ಕೋಲು ಕುಟ್ಟಿದ. "ಹೆಣ್ಣು ಹೋಗತೈತಿ. ಕೂಸು ಯಾರ ಮನಿದು? ಹೇಳವ್ವ ಜಂಬಕ್ಕ."

ಕೀರ್ತನಾಳ ಕೈಬಳೆ ಸದ್ದಾಯಿತು, ನಿಂತಿತು. ಚಂದನಾ ಎಂದಿನಂತೆ ಅಜ್ಜಿಯ ಸೆರಗು ಹಿಡಿದಿದ್ದಳು. ಜಂಬಕ್ಕ ಬಗ್ಗಿ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಆ ಹಿಡಿತ ಬಿಡಿಸಲು ಹನ್ನೆರಡು ಜೋಡಿ ಎತ್ತು ಬೇಕಾಗುತ್ತಿತ್ತು. ಆಕೆ ಒಬ್ಬಳೇ ಬಿಡಿಸಿದಳು.

"ಕೂಸು ಅವರವ್ವಂದು," ಎಂದಳು.

"ಯವ್ವಾ!" ಎಂದ ಭೀಮರಾಜ. ಅವನ ದನಿ ಒಡೆದಿತ್ತು. "ಅಣ್ಣಂದು ಮತ್ತೇನೈತಿ ನಮ್ಮನ್ಯಾಗ?"

ಅವನ ಸಿಟ್ಟೆಲ್ಲ ಎಲ್ಲಿಂದ ಬಂದಿತ್ತೆಂದು ಜಂಬಕ್ಕನಿಗೆ ಆಗ ಕಂಡಿತು. ಹತ್ತಿರ ಹೋಗಿ ಅವನ ತಲೆಯನ್ನು ಹೆಗಲಿಗೆ ಒತ್ತಿಕೊಂಡಳು. "ಬರ್ತಾಳಲೇ. ನಿಮ್ಮಣ್ಣನ ಮಗಳು ಬರದ ಇರ್ತಾಳೇನು?"

"ಭಾನುವಾರ ಬರ್ತಾಳ," ಎಂದ ಶಿವಯೋಗಿ ಕಂಬಳಿಯ ಮೇಲಿಂದ. "ಭಾನುವಾರ ಅಂಗಡಿ ಇರಲ್ಲ. ಪ್ರತಿ ಭಾನುವಾರ ಕರ್ಕೊಂಡು ಬರ್ತೀನಿ."

"ಎಲ್ಲರೂ ಹಂಗ ಅಂತಾರಪ್ಪ," ಎಂದು ಹುಲುಗಪ್ಪಜ್ಜ ನಿಟ್ಟುಸಿರು ಬಿಟ್ಟ.

"ಎಲ್ಲರೂ ಅಂದಿಲ್ಲ. ನಾನು ಅಂದೀನಿ."

ಭೀಮರಾಜ ತೋಳಿನಿಂದ ಮೂಗೊರೆಸಿಕೊಂಡು ಅವನನ್ನು ದಿಟ್ಟಿಸಿದ. ಶಿವಯೋಗಿ ಎಂದಿನಂತೆ ಬೇರೆಲ್ಲೋ ನೋಡುತ್ತಿದ್ದ. "ಸಂಜೀಕ ಬಸ್ಸು ಸಿಗಲ್ಲ," ಎಂದ ಭೀಮರಾಜ ಕೊನೆಗೆ, ಒರಟಾಗಿ. "ವಾಪಸ್ ನಾನು ಬಿಡ್ತೀನಿ, ಆಟೋದಾಗ."

"ಹಾರ್ನ್ ಹೊಡಿಯಂಗಿಲ್ಲ," ಎಂದ ಶಿವಯೋಗಿ.

"ಹೊಡಿಯಲ್ಲ ಮಾರಾಯ!"

ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಊಟಕ್ಕೆ ಎಲೆ ಹಾಕುವ ಗಡಿಬಿಡಿಯಲ್ಲಿ ಭರಮಮ್ಮ ಜಂಬಕ್ಕನ ಹತ್ತಿರ ಸರಿದು, ಒಂದಿಷ್ಟು ಕುಟುಕಲೆಂದೇ ಕೇಳಿದಳು. "ಅಲ್ಲ ಯಕ್ಕ, ಮಗ ಅಲ್ಲ, ಮಗಳ ಗಂಡ ಅಲ್ಲ. ಈಗ ಅವ ನಿನಗ ಏನಾಗಬೇಕು?"

ಜಂಬಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಳು. ಗಂಟಲು ಸರಿಮಾಡಿಕೊಂಡಳು. ಆಚೆ ದಂಡೆಯವರೆಗೂ ಕೇಳುವಂತೆ ಹೇಳಿದಳು:

"ಸೊಸಿ ಗಂಡ! ಮಗ ಎಲ್ಲರ ಮನ್ಯಾಗೂ ಅದಾನ, ಅಳಿಯ ಎಲ್ಲರ ಮನ್ಯಾಗೂ ಅದಾನ. ಸೊಸಿ ಗಂಡ ಅದಾನೇನು ನಿಮ್ಮನ್ಯಾಗ? ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಎಲ್ಲಾ ಹುಡುಕಿ ಬರ್ರಿ, ಇಂಥಾ ನೆಂಟ ನನಗ ಒಬ್ಬಾಕಿಗೆ ಅದಾನ!"

"ಇನ್ನೂ ಇರಬಹುದು," ಎಂದ ಶಿವಯೋಗಿ, ಎರಡೂ ಕಿವಿ ಮುಚ್ಚಿಕೊಂಡು. "ನೀವು ಎಲ್ಲಾ ಮನಿ ನೋಡಿಲ್ಲ."

ಜಂಬಕ್ಕ ತಿರುಗಿ ಅವನನ್ನು ನೋಡಿದಳು. ಆಮೇಲೆ ಭರಮಮ್ಮನ ಭುಜ ಹಿಡಿದು ಅವನ ಕಡೆಗೆ ತಿರುಗಿಸಿದಳು.

"ನೋಡು," ಎಂದಳು, ದನಿ ತಗ್ಗಿಸಿ, ಆದರೆ ಎದೆ ಇನ್ನೂ ಒಂದು ಗೇಣು ಉಬ್ಬಿಸಿ. "ನನಗ ಎದುರಾಡ್ತಾನ."